ಕಲಕಬೇಕಾಗಿಲ್ಲದ ನನ್ನ ಪೇಟೆಂಟು

ನನಗೆ ಹಠ ಸ್ವಲ್ಪ ಜಾಸ್ತಿ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿದರೆ ನಿಮಗೆ ಅದು ಹಠವೆಂದೇ ತಿಳಿಯುತ್ತದೆ. ನಾನೇ ಹೇಳಿದರೆ ಅದನ್ನು ಛಲ ಎನ್ನುವ ಅವಕಾಶವಾದರೂ ಉಳಿಯುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ: ಕೆಲಸ ಕೈಗೂಡಿದರೆ ಛಲ, ಕೈಕೊಟ್ಟರೆ ಹಠ. ನನ್ನ ಹೆಂಡತಿ ಮಹಾದೇವಿ ಮದುವೆಯಾದಾಗಿನಿಂದ ನನ್ನ ವಿಷಯದಲ್ಲಿ ಎರಡನೆಯ ಶಬ್ದವನ್ನೇ ಬಳಸುತ್ತ ಬಂದಿದ್ದಾಳೆ. ಅದಕ್ಕೆ ಅವಳ ಹತ್ತಿರ ಆಧಾರಗಳೂ ಇವೆ. ಬಚ್ಚಲಮನೆಯ ನಳ ಸೋರತೊಡಗಿದಾಗ ಪ್ಲಂಬರನನ್ನು ಕರೆಯದೆ ಒಂದು ಬೇಸಿಗೆಯಿಡೀ ನಾನೇ ಅದನ್ನು ರಿಪೇರಿ ಮಾಡಿದೆ. ಕೊನೆಗೆ ಮನೆಮಂದಿಯೆಲ್ಲ ಅದರ ಕೆಳಗೆ ಬಕೆಟ್ ಇಡುವುದನ್ನು ರೂಢಿ ಮಾಡಿಕೊಂಡರು. ನಳ ರಿಪೇರಿ ಆಯಿತೇ ಎಂದು ಯಾರಾದರೂ ಕೇಳಿದರೆ ಮಹಾದೇವಿ, "ನಳ ಅಲ್ರಿ, ನಾವು ರಿಪೇರಿ ಆದ್ವಿ" ಎನ್ನುತ್ತಾಳೆ. ಇಂಥವನು ಪೇಟೆಂಟ್ ಪಡೆಯಲು ಹೊರಟರೆ ಏನಾಗಬಹುದೋ ಅದೇ ಆಯಿತು.

ಸೇಡಂನಲ್ಲಿ ನನ್ನದೊಂದು ರಕ್ತ ಪರೀಕ್ಷೆಯ ಲ್ಯಾಬ್ ಇದೆ. ನಾನು ಓದಿದ್ದು ಎಂಎಸ್ಸಿ ಬಯೋಕೆಮಿಸ್ಟ್ರಿ. ಊರವರು ಕರೆಯುವುದು ಡಾಕ್ಟರ್ ಎಂದು. ತಿದ್ದಿ ತಿದ್ದಿ ಸಾಕಾಗಿ ಈಗ ಸುಮ್ಮನೆ ಓಗೊಡುತ್ತೇನೆ. ಪಕ್ಕದಲ್ಲೇ ಮೌಲಾಭಾಯಿಯವರ ಹಿಟ್ಟಿನ ಗಿರಣಿ. ಹಿಂದೆ ಇವೆರಡೂ ಸೇರಿ ಒಂದೇ ದೊಡ್ಡ ಅಂಗಡಿಯಾಗಿತ್ತಂತೆ. ಮಾಲಕರು ನಡುವೆ ಗೋಡೆ ಎತ್ತಿ ಇಬ್ಬರಿಗೆ ಬಾಡಿಗೆಗೆ ಕೊಟ್ಟರು. ಆದರೆ ಹಿಂದಿನ ಗೋಡೆಗುಂಟ ಕೂರಿಸಿದ್ದ ಉದ್ದನೆಯ ಶಹಾಬಾದ್ ಪರಸಿಕಲ್ಲನ್ನು ಒಡೆಯಲು ಅವರಿಗೆ ಮನಸ್ಸು ಬರಲಿಲ್ಲ. ಅಂಥ ಅಖಂಡ ಕಲ್ಲು ಈಗ ಎಲ್ಲಿ ಸಿಗುತ್ತದೆ ಎಂದು ಅದನ್ನು ಹಾಗೇ ಬಿಟ್ಟು, ಅದರ ಕೆಳಗೊಂದಿಷ್ಟು ಮೇಲೊಂದಿಷ್ಟು ಗೋಡೆ ಕಟ್ಟಿಸಿದರು. ಹೀಗಾಗಿ ಒಂದೇ ಪರಸಿ ಗೋಡೆಯೊಳಗಿಂದ ಹಾಯ್ದು, ಆ ಕಡೆ ಮೌಲಾಭಾಯಿಯ ಗಿರಾಕಿಗಳ ಜೋಳದ ಡಬ್ಬಿಗಳಿಗೂ ಈ ಕಡೆ ನನ್ನ ರಕ್ತದ ಟ್ಯೂಬುಗಳಿಗೂ ಕಟ್ಟೆಯಾಗಿದೆ. ಗಿರಣಿ ಬೆಳಗಿನಿಂದ ಸಂಜೆಯವರೆಗೆ ಓಡುತ್ತದೆ. ಹೊಸದಾಗಿ ಬಂದವರು, "ಈ ಗದ್ದಲದಾಗ ಹ್ಯಾಂಗ ಕೆಲಸ ಮಾಡ್ತೀರಿ?" ಎಂದು ಕೇಳಿದರೆ, "ಯಾವ ಗದ್ದಲ?" ಎಂದು ನಾನು ನಿಜವಾಗಿಯೂ ಅರ್ಥವಾಗದೆ ಕೇಳುತ್ತೇನೆ.

ನನ್ನ ಲ್ಯಾಬಿನಲ್ಲಿ ಸಕ್ಕರೆ, ಹಿಮೋಗ್ಲೋಬಿನ್ ಇತ್ಯಾದಿ ಆಗುತ್ತವೆ. ಥೈರಾಯ್ಡಿನಂಥ ಪರೀಕ್ಷೆಗಳಿಗೆ ಮಾತ್ರ ರಕ್ತವನ್ನು ಕಲಬುರಗಿಗೆ ಕಳಿಸಬೇಕು. ಕುರಕುಂಟಾದಿಂದ ಕೂಲಿ ಬಿಟ್ಟು ಬರುವ ಒಬ್ಬ ಹೆಣ್ಣುಮಗಳು ರಕ್ತ ಕೊಡಲು ಒಮ್ಮೆ, ರಿಪೋರ್ಟ್ ಒಯ್ಯಲು ಇನ್ನೊಮ್ಮೆ ಬಸ್ಸು ಹತ್ತಬೇಕು. ಇದಕ್ಕೊಂದು ಸಣ್ಣ ಯಂತ್ರ ಮಾಡಿದರೆ ಹೇಗೆ ಎಂಬ ಹುಳ ನನ್ನ ತಲೆಹೊಕ್ಕಿತು. ಅರ್ಜಿಯಲ್ಲಿ ಅದರ ಹೆಸರು ಆಯಸ್ಕಾಂತೀಯ ಕಣಗಳ ಸ್ವಯಂಚಾಲಿತ ಇಮ್ಯುನೋಅಸ್ಸೇ ವಿಧಾನ. ಹೆಸರಿಗೆ ಹೆದರಬೇಡಿ, ವಿಷಯ ಸರಳ. ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳಿಗೆ, ರಕ್ತದಲ್ಲಿ ನಮಗೆ ಬೇಕಾದ ಒಂದೇ ಒಂದು ವಸ್ತುವನ್ನು ಹಿಡಿದುಕೊಳ್ಳುವ ಲೇಪ ಹಚ್ಚಿರುತ್ತಾರೆ. ಕಣಗಳನ್ನು ರಕ್ತದ ದ್ರವದಲ್ಲಿ ಬಿಟ್ಟರೆ ಅವು ಅದನ್ನು ಹಿಡಿದುಕೊಳ್ಳುತ್ತವೆ. ಹೊರಗಿನಿಂದ ಆಯಸ್ಕಾಂತ ಹಿಡಿದರೆ ಕಣಗಳೆಲ್ಲ ಬದಿಗೆ ಬಂದು ಅಂಟುತ್ತವೆ. ಉಳಿದದ್ದನ್ನು ಚೆಲ್ಲಿ, ತೊಳೆದು, ಹಿಡಿದುಕೊಂಡದ್ದು ಎಷ್ಟೆಂದು ಅಳೆದರಾಯಿತು. ತೊಂದರೆ ಏನೆಂದರೆ ಕಬ್ಬಿಣವಲ್ಲವೇ, ಸುಮ್ಮನೆ ಬಿಟ್ಟರೆ ತಳ ಸೇರುತ್ತದೆ. ಅದಕ್ಕಾಗಿ ಜಗತ್ತಿನ ಯಂತ್ರಗಳಲ್ಲೆಲ್ಲ ಕಲಕಲಿಕ್ಕೆಂದೇ ಒಂದು ಮೋಟಾರು ಇರುತ್ತದೆ. ಮೊದಲು ಕೆಡುವುದೂ ಅದೇ.

ನನ್ನ ಯಂತ್ರದಲ್ಲಿ ಆ ಮೋಟಾರೇ ಇರಲಿಲ್ಲ. ಹಳೆಯ ಪ್ರಿಂಟರಿನ ಹೊಟ್ಟೆ, ಕೆಟ್ಟ ಸ್ಪೀಕರಿನ ಆಯಸ್ಕಾಂತ, ಮಹಾದೇವಿ ಇನ್ನೂ ಹುಡುಕುತ್ತಿರುವ ಒಂದು ಮಸಾಲೆ ಡಬ್ಬಿಯ ಮುಚ್ಚಳ, ಇವೆಲ್ಲ ಕೂಡಿ ಅದು ತಯಾರಾಗಿತ್ತು. ಕಲಕದೆಯೇ ನನ್ನ ಕಣಗಳು ದ್ರವದಲ್ಲಿ ತೇಲಾಡುತ್ತಿದ್ದವು, ತಳ ಸೇರುತ್ತಿರಲಿಲ್ಲ. ಪರೀಕ್ಷೆಗೆ ಬಂದವರ ರಿಪೋರ್ಟುಗಳನ್ನು ಕಲಬುರಗಿಯಿಂದಲೇ ತರಿಸುತ್ತ, ಉಳಿದ ರಕ್ತವನ್ನು ನನ್ನ ಯಂತ್ರದಲ್ಲಿಟ್ಟು ತಾಳೆ ನೋಡಿದೆ. ಮತ್ತೆ ಮತ್ತೆ ನೋಡಿದೆ. ಸರಿಯಾಗಿಯೇ ಬರುತ್ತಿತ್ತು. ಇದಕ್ಕೆ ಕಾರಣ ನಾನು ಬದಲಿಸಿದ ಲೇಪವೇ ಎಂದು ತೀರ್ಮಾನಿಸಿದೆ. ಕಾರಣ ಹುಡುಕುವಾಗ ಮನುಷ್ಯನ ಕಣ್ಣು ಮೊದಲು ಕನ್ನಡಿಯ ಕಡೆಗೇ ಹೋಗುತ್ತದೆ. "ಕಲಕಬೇಕಾಗಿಲ್ಲ" ಎಂಬ ಒಂದೇ ಮಾತನ್ನು ಎದೆಗೆ ಕಟ್ಟಿಕೊಂಡು ಪೇಟೆಂಟಿಗೆ ಅರ್ಜಿ ಹಾಕಿದೆ.

ಅರ್ಜಿಗೆ ಒಂದು ನಂಬರು ಬಂತು. ನಂಬರು ಬಂದರೆ ಪೇಟೆಂಟೇ ಬಂದಂತೆ ಎಂದು ಊರಿನ ವರ್ತಕರ ಸಂಘದವರು ಶಾಲು ಹೊದಿಸಿ ಸನ್ಮಾನ ಮಾಡಿಬಿಟ್ಟರು. ಅರ್ಜಿಯ ಪರೀಕ್ಷೆ ಇನ್ನೂ ಆಗಬೇಕು ಎಂದು ನಾನು ಹೇಳಿದ್ದನ್ನು ವಿನಯ ಎಂದು ತಿಳಿದರು. ಊರಿನ ಉಳಿದ ಅರ್ಧ ಭಾಗಕ್ಕೆ ಸುದ್ದಿ ಬೇರೆ ರೀತಿಯಲ್ಲಿ ಮುಟ್ಟಿತ್ತು. ಎದುರಿನ ಓಣಿಯ ಹಿರಿಯರೊಬ್ಬರು ಎಳನೀರು ಹಿಡಿದುಕೊಂಡು ಬಂದು, "ಡಾಕ್ಟರ್ ಸಾಬ್, ನೀವು ಪೇಶೆಂಟ್ ಆಗೀರಿ ಅಂತ ಕೇಳಿ ಭಾಳ ಖರಾಬ್ ಅನಿಸ್ತು. ಎಲ್ಲರ ರಕ್ತ ನೋಡಾವ್ರಿಗೇ ಹಿಂಗಾದ್ರ ಹ್ಯಾಂಗ್ರಿ?" ಎಂದರು. ಪೇಶೆಂಟ್ ಅಲ್ಲ, ಪೇಟೆಂಟ್ ಎಂದು ತಿಳಿಸಿ ಹೇಳಿದೆ. ಅವರು ಇನ್ನೂ ಕಾಳಜಿಯಿಂದ, "ಅದು ಹೊಸಾ ಬ್ಯಾನಿ ಇರಬೇಕು, ಆರಾಮ ತಗೋರಿ" ಎಂದು ಹೋದರು. ಮುಂದಾದದ್ದನ್ನು ನೋಡಿದರೆ ಅವರು ಹೇಳಿದ್ದು ತಪ್ಪೆನ್ನಲಾರೆ.

ಕೆಲವು ಕಾಲದ ಮೇಲೆ ಪೇಟೆಂಟ್ ಕಚೇರಿಯಿಂದ ಪರೀಕ್ಷಾ ವರದಿ ಬಂತು. ಅದರ ತುಂಬ ಆಕ್ಷೇಪಣೆಗಳು. ನನ್ನ ಪೇಟೆಂಟ್ ವಕೀಲರು ಕಲಬುರಗಿಯವರು, ಹೈದರಾಬಾದಿನಲ್ಲಿ ನೆಲೆಸಿದವರು. ಅವರು ಫೋನಿನಲ್ಲಿ ಸಮಾಧಾನ ಹೇಳಿದರು: "ಫಿಕರ್ ಮಾಡಬ್ಯಾಡ್ರಿ. ಆಕ್ಷೇಪಣಾ ಇಲ್ಲದ ವರದಿ ನಾ ಇನ್ನೂ ನೋಡಿಲ್ಲ." ಮೊದಲ ಆಕ್ಷೇಪಣೆ, ರೋಗ ಹೇಳುವ ವಿಧಾನಕ್ಕೆ ಪೇಟೆಂಟ್ ಕೊಡುವಂತಿಲ್ಲ ಎಂಬುದು. "ನಮ್ಮದು ರೋಗ ಹೇಳಂಗಿಲ್ಲ, ಬರೇ ಅಳೀತದ ಅಂತ ಬರೀತೀನಿ" ಎಂದರು ವಕೀಲರು. ಎರಡನೆಯದು, ಈ ಕಸುಬು ಬಲ್ಲ ಯಾರಿಗಾದರೂ ಇದು ತಾನಾಗಿ ಹೊಳೆಯುವಂಥದ್ದು ಎಂಬುದು. ಪೇಟೆಂಟ್ ಕಾನೂನಿನಲ್ಲಿ ಕಸುಬು ಬಲ್ಲವನೆಂಬ ಒಬ್ಬ ಕಾಲ್ಪನಿಕ ಮನುಷ್ಯ ಇದ್ದಾನಂತೆ. ಅವನು ಜಗತ್ತಿನಲ್ಲಿ ಈ ವಿಷಯವಾಗಿ ಅಚ್ಚಾದದ್ದನ್ನೆಲ್ಲ ಓದಿರುತ್ತಾನೆ, ಆದರೆ ಅವನಿಗೆ ಸ್ವಂತದ್ದು ಏನೂ ಹೊಳೆಯುವುದಿಲ್ಲ. ವಕೀಲರು ಇದನ್ನು ವಿವರಿಸುತ್ತಿದ್ದರೆ ನನಗೆ ಎದುರಿಗೇ ಕಂಡವರು ಚಿತ್ತಾಪುರದ ನಮ್ಮ ಭಾವ, ಮಹಾದೇವಿಯ ಅಣ್ಣ. ಅವರಿಗೆ ಏನು ಹೇಳಿದರೂ, "ಇದು ಎಲ್ಲೋ ಓದಿದಂಗ ಅದ" ಎನ್ನುತ್ತಾರೆ. ನಮ್ಮ ಮದುವೆಯ ಆಮಂತ್ರಣ ಪತ್ರಿಕೆ ನೋಡಿದಾಗಲೂ ಹಾಗೇ ಅಂದಿದ್ದರು.

ಇವೆರಡಕ್ಕೂ ಉತ್ತರ ತಯಾರಾಯಿತು. ಮೂರನೆಯದೇ ಗಟ್ಟಿ. ಕಲಕದಿದ್ದರೆ ಕಣಗಳು ತಳ ಸೇರುತ್ತವೆಂಬುದು ಎಲ್ಲರಿಗೂ ಗೊತ್ತಿದೆ, ನಿಮ್ಮವು ಏಕೆ ಸೇರುವುದಿಲ್ಲ? ಲೇಪದಿಂದ ಎನ್ನುತ್ತೀರಿ, ಪುರಾವೆ ಎಲ್ಲಿದೆ? ನೀವು ಬರೆದದ್ದನ್ನು ಓದಿ ಇನ್ನೊಬ್ಬರು ಮಾಡಿದರೆ ಅದೇ ಫಲ ಬರುತ್ತದೆಯೇ? ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲೋ ತಣ್ಣಗಿನ ಕೋಣೆಯಲ್ಲಿ ಕೂತವರು ನಾನು ಕಣ್ಣಾರೆ ಕಂಡದ್ದನ್ನು ಸುಳ್ಳು ಎನ್ನುವುದೇ? ತೋರಿಸಿಯೇ ಬಿಡುತ್ತೇನೆ ಎಂದೆ. "ಶುರು ಆಯ್ತು" ಎಂದಳು ಮಹಾದೇವಿ.

ಚಿಂಚೋಳಿಯಲ್ಲಿ ನಾಗರೆಡ್ಡಿ ಎಂಬ ನನ್ನ ಸಹಪಾಠಿಯದೂ ಒಂದು ಲ್ಯಾಬ್ ಇದೆ. ಅವನಿಗೆ ಯಂತ್ರ, ಕಣ, ಬರಹ ಎಲ್ಲ ಕಳಿಸಿ, ಮಾಡಿ ನೋಡಿ ಬರೆದುಕೊಡು ಎಂದೆ. ಮರುದಿನವೇ ಫೋನ್ ಬಂತು. "ಲೇ ದೋಸ್ತ, ನಿನ್ನ ಕಣ ಎಲ್ಲಾ ತಳಕ್ಕ ಹೋಗಿ ಮಲಗ್ಯಾವ. ಎಬ್ಬಿಸಿದ್ರೂ ಏಳಾಕ ಒಲ್ಲವು." ನೀನು ಕೈ ತೊಳೆದಿರಲಿಕ್ಕಿಲ್ಲ ಎಂದೆ. ಅವನಿಗೆ ಸಿಟ್ಟು ಬಂತು. "ನಿನ್ನ ಜೋಡಿ ಒಂದೇ ಕಾಲೇಜಿನಾಗ ಕೈ ತೊಳಕೊಳ್ಳೋದು ಕಲ್ತೀನಿ" ಎಂದ. ನಾನೇ ಚಿಂಚೋಳಿಗೆ ಹೋಗಿ ಅವನ ಟೇಬಲ್ಲಿನ ಮೇಲೆ ಮಾಡಿದೆ. ಕಣಗಳು ನನ್ನ ಮುಂದೆಯೂ ನಾಚಿಕೆಯಿಲ್ಲದೆ ಮಲಗಿದವು. ಯಂತ್ರ ಹೊತ್ತು ಸೇಡಂಗೆ ಬಂದು ಪರಸಿಯ ಮೇಲಿಟ್ಟೆ. ಎದ್ದು ಕುಣಿದಾಡಿದವು.

ಆಮೇಲೆ ನಾನು ಮಾಡಿದ್ದನ್ನು ಸಂಶೋಧನೆ ಎನ್ನಬೇಕೋ ದಂಡಯಾತ್ರೆ ಎನ್ನಬೇಕೋ ತಿಳಿಯದು. ಯಂತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಊರೂರು ತಿರುಗಿದೆ. ಕಂಡಕ್ಟರ್ ಒಬ್ಬ ಸೀರೆಯೊಳಗಿರುವುದು ದೇವರ ಮೂರ್ತಿಯೇ ಎಂದು ಕೇಳಿದ. ಚಿತ್ತಾಪುರದಲ್ಲಿ ಭಾವನ ಮನೆಯ ಊಟದ ಮೇಜಿನ ಮೇಲೆ ಮಾಡಿದೆ, ಆಗಲಿಲ್ಲ. "ಇದು ಆಗಂಗಿಲ್ಲ ಅಂತ ಎಲ್ಲೋ ಓದೀನಿ" ಎಂದರು ಭಾವ. ವಾಡಿಯಲ್ಲಿ ರೈಲು ಹಳಿಯ ಬಾಜೂಕೆ ಇರುವ ನನ್ನ ತಂಗಿಯ ಮನೆಯಲ್ಲಿ ಮಾಡಿದೆ, ಆಯಿತು! ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಪರಿಚಯದವರ ಆಫೀಸಿನಲ್ಲಿ ಮಾಡಿದೆ, ಅಲ್ಲಿಯೂ ಆಯಿತು. ಕೋಡ್ಲಾದಲ್ಲಿ ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಯ ಮಗ್ಗುಲಿನ ಚಹಾದಂಗಡಿಯಲ್ಲೂ ಆಯಿತು. ಮನೆಗೆ ಬಂದು ನಕ್ಷೆ ಬಿಡಿಸಿ ನೋಡಿದೆ. ಸೇಡಂ, ಕೋಡ್ಲಾ, ವಾಡಿ, ಶಹಾಬಾದ್. ಎಲ್ಲ ಸುಣ್ಣಕಲ್ಲಿನ, ಸಿಮೆಂಟಿನ ಊರುಗಳು! ಅಂದರೆ ಗಾಳಿಯಲ್ಲಿ, ನೀರಿನಲ್ಲಿ ಇರುವ ಸುಣ್ಣವೇ ನನ್ನ ಲೇಪಕ್ಕೆ ಬಲ ಕೊಡುತ್ತಿದೆ. ಈ ಸಿದ್ಧಾಂತ ಎಷ್ಟು ಚೆಂದ ಇತ್ತೆಂದರೆ ನನಗೆ ಅದರ ಮೇಲೆ ಪ್ರೀತಿಯೇ ಹುಟ್ಟಿತು. ಚಿಂಚೋಳಿಯ ಟ್ಯೂಬಿಗೆ ಸುಣ್ಣ ಸೇರಿಸಿ ನೋಡಲು ನಾಗರೆಡ್ಡಿಗೆ ಹೇಳಿದೆ. "ಈಗ ತಳದಾಗ ಕಣನೂ ಅದ, ಸುಣ್ಣನೂ ಅದ. ಎಲೆ ಅಡಿಕಿ ಕಳಸು, ಮೆಲ್ಕೋತ ಕುಂದ್ರತೀನಿ" ಎಂದ. ಅವನು ಸುಣ್ಣ ಹಾಕಿದ್ದು ಕಡಿಮೆಯಾಗಿರಬೇಕು ಎಂದುಕೊಂಡೆ.

ವಿಚಾರಣೆಯ ತಾರೀಖು ಗೊತ್ತಾಯಿತು. ವಿಡಿಯೋದಲ್ಲಿ ಕೂತು ಅಧಿಕಾರಿಗಳಿಗೆ ಉತ್ತರ ಹೇಳಬೇಕು. ಅದಕ್ಕೆ ಸ್ವಲ್ಪ ದಿನ ಮೊದಲು ಮೌಲಾಭಾಯಿಯ ಗಿರಣಿಯ ಮೋಟಾರು ಸುಟ್ಟುಹೋಗಿ, ಅದನ್ನು ವೈಂಡಿಂಗ್ ಮಾಡಿಸಲು ಕಲಬುರಗಿಗೆ ಒಯ್ದರು. ಆ ದಿನ ನಾನು ಕೊನೆಯ ಸಲ ತಾಳೆ ನೋಡೋಣವೆಂದು ಯಂತ್ರ ಚಾಲೂ ಮಾಡಿದೆ. ಕಣಗಳು ತಳ ಸೇರಿದವು. ನನ್ನ ಸ್ವಂತ ಊರಿನಲ್ಲಿ, ನನ್ನ ಸ್ವಂತ ಪರಸಿಯ ಮೇಲೆ! ಮತ್ತೆ ಮಾಡಿದೆ, ಮತ್ತೆ ಅದೇ. ಅಷ್ಟರಲ್ಲಿ ಮಹಾದೇವಿ ಬುತ್ತಿ ತಂದಳು. ಬಾಗಿಲಲ್ಲೇ ನಿಂತು, "ಇವತ್ತ ಏನ್ರೀ ಇಷ್ಟು ಗಪ್ ಅದ? ನನ್ನ ಕೈಯಾಗಿನ ಬಳಿ ಸಪ್ಪಳ ನನಗೇ ಕೇಳಾಕತ್ತದ" ಎಂದಳು.

ಯಾವ ಮೌನ ಎಂದು ಕೇಳಲು ಬಾಯಿ ತೆರೆದವನು ಹಾಗೇ ನಿಂತೆ. ಪರಸಿಯ ಮೇಲೆ ಅಂಗೈ ಇಟ್ಟೆ. ಕಲ್ಲು ತಣ್ಣಗೆ, ಸುಮ್ಮನೆ ಇತ್ತು. ಇಷ್ಟು ವರ್ಷ ಅದು ಸದಾ ಸಣ್ಣಗೆ ನಡುಗುತ್ತಿತ್ತು ಎಂಬುದು ನನಗೆ ತಿಳಿದದ್ದು ಅದು ನಡುಗುವುದನ್ನು ನಿಲ್ಲಿಸಿದ ಆ ದಿನ. ಬೆರಳಿನಿಂದ ಕಲ್ಲನ್ನು ಟಕ ಟಕ ಬಡಿದೆ. ಟ್ಯೂಬಿನ ತಳದಿಂದ ಕಣಗಳು ಮೋಡ ಎದ್ದಂತೆ ಎದ್ದವು. ಲೇಪವೂ ಅಲ್ಲ, ಸುಣ್ಣವೂ ಅಲ್ಲ. ಇಲ್ಲಿ ಗಿರಣಿ, ವಾಡಿಯಲ್ಲಿ ರೈಲು, ಶಹಾಬಾದಿನಲ್ಲಿ ಪಾಲಿಶ್ ಯಂತ್ರ, ಕೋಡ್ಲಾದಲ್ಲಿ ಲಾರಿ. ಕಲಕಬೇಕಾಗಿಲ್ಲ ಎಂದು ಸರಕಾರಕ್ಕೆ ಬರೆದುಕೊಟ್ಟ ನನ್ನ ಯಂತ್ರವನ್ನು ಮೌಲಾಭಾಯಿ ಬೆಳಗಿನಿಂದ ಸಂಜೆಯವರೆಗೆ ಕಲಕುತ್ತಿದ್ದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಬಹಳ ದುಃಖವಾಯಿತು. ಮಹಾದೇವಿ ತಂದ ಬುತ್ತಿಯನ್ನು ಆ ಮಧ್ಯಾಹ್ನ ಬಿಚ್ಚಲೇ ಇಲ್ಲ.

ವಕೀಲರಿಗೆ ಫೋನ್ ಮಾಡಿ, ಗಿರಣಿಯ ವಿಷಯ ಅರ್ಜಿಯಲ್ಲಿ ಸೇರಿಸೋಣವೇ ಎಂದು ಕೇಳಿದೆ. ಅವರು, "ಒಮ್ಮಿ ಅರ್ಜಿ ಹಾಕಿದ ಮ್ಯಾಲ ಹೊಸಾದು ಸೇರಿಸಲಿಕ್ಕ ಬರಂಗಿಲ್ರಿ. ಇದ್ದದ್ರಾಗೇ ಕುಸ್ತಿ ಆಡಬೇಕು" ಎಂದರು. ಮೋಟಾರು ತಿರುಗಿ ಬಂದು ಗಿರಣಿ ಶುರುವಾದಾಗ ಮೌಲಾಭಾಯಿಗೂ ವಿಷಯ ಹೇಳಿದೆ. ಅವರು ನನಗಿಂತ ಹೆಚ್ಚು ಉತ್ಸಾಹಗೊಂಡರು. "ಇದ್ರಾಗ ಚಿಂತಿ ಯಾಕ್ರಿ? ವಿಡಿಯೋ ಟೈಮಿಗೆ ನಾ ಗಿರಣಿ ಜೋರ್ ಓಡಸ್ತೀನಿ. ಜೋಳ ಇರಲಿಲ್ಲಂದ್ರ ಖಾಲಿನೇ ಓಡಸ್ತೀನಿ. ನೀವು ಇಲ್ಲಿಂದಾನೇ ಮಾಡಿ ತೋರಸ್ರಿ. ಅವ್ರಿಗೇನ್ ಗೋಡಿ ಆ ಕಡಿ ಕಾಣ್ತದೇನು?" ಎಂದರು. ನಿಜ, ಕಾಣುವುದಿಲ್ಲ. ಗದ್ದಲ ಕೇಳಿದರೂ ಊರಿನ ಗದ್ದಲ ಎಂದುಕೊಳ್ಳುತ್ತಾರೆ. ಪೇಟೆಂಟ್ ಸಿಕ್ಕೇಬಿಡಬಹುದು. ಈ ಆಸೆಯನ್ನು ನಾನು ಒಂದಿಡೀ ದಿನ ಬಾಯಲ್ಲಿ ಪೆಪ್ಪರಮೆಂಟಿನ ಹಾಗೆ ಇಟ್ಟುಕೊಂಡು ಓಡಾಡಿದೆ.

ಮರುದಿನ ಲ್ಯಾಬಿಗೆ ಕುರಕುಂಟಾದ ಆ ಹೆಣ್ಣುಮಗಳೇ ಥೈರಾಯ್ಡಿನ ರಿಪೋರ್ಟ್ ಒಯ್ಯಲು ಬಂದಳು. "ನಿಮ್ಮ ಮಿಷನ್ ಯಾವಾಗ ಶುರು ಆಗ್ತದ್ರಿ?" ಎಂದು ಕೇಳಿದಳು. ಪೇಟೆಂಟ್ ಪಡೆದ ನನ್ನ ಬರಹವನ್ನು ನಂಬಿ ಯಾವುದೋ ಊರಿನ ಲ್ಯಾಬಿನವನು ಗಿರಣಿಯಿಲ್ಲದ ಓಣಿಯಲ್ಲಿ ಈ ಯಂತ್ರ ಮಾಡಿದರೆ, ಕಣಗಳು ತಳ ಸೇರಿ, ಇಂಥವಳ ಕೈಗೆ ತಪ್ಪು ರಿಪೋರ್ಟ್ ಬರುತ್ತದೆ. ಅವಳು ಅದನ್ನು ನಂಬಿ ಗುಳಿಗೆ ಬಿಡುತ್ತಾಳೆ, ಇಲ್ಲವೇ ಬೇಡದ ಗುಳಿಗೆ ನುಂಗುತ್ತಾಳೆ. ನನ್ನ ಹಠ ಅಲ್ಲಿಯೇ ಮಗ್ಗುಲು ಬದಲಿಸಿತು. ತೋರಿಸಿಯೇ ಬಿಡುತ್ತೇನೆ ಎಂದಿದ್ದವನು, ಹೇಳಿಯೇ ಬಿಡುತ್ತೇನೆ ಎಂದು ನಿರ್ಧರಿಸಿದೆ. ಮಹಾದೇವಿಗೆ ಹೇಳಿದಾಗ ಅವಳು, "ಇದು ಛಲೋ ಆತು" ಎಂದಳೇ ಹೊರತು ಹಠ ಎನ್ನಲಿಲ್ಲ.

ವಿಚಾರಣೆಯ ದಿನ ಮೌಲಾಭಾಯಿಗೆ, ಜರಾ ಹೊತ್ತು ಗಿರಣಿ ಬಂದ್ ಮಾಡಿ ಎಂದು ಕೇಳಿಕೊಂಡೆ. ಬಂದ್ ಮಾಡಿದರು. ಆದರೆ ಜೋಳ ತಂದವರು ಎಲ್ಲಿ ಹೋಗಬೇಕು? ಅವರೆಲ್ಲ ಡಬ್ಬಿ, ಚೀಲಗಳೊಂದಿಗೆ ನನ್ನ ಲ್ಯಾಬಿನ ಬೆಂಚುಗಳ ಮೇಲೆ ಬಂದು ಕೂತರು. ಪರದೆಯ ಮೇಲೆ ಒಂದು ಕಡೆ ಹೈದರಾಬಾದಿನ ವಕೀಲರು, ಒಂದು ಕಡೆ ಅಧಿಕಾರಿ, ಇನ್ನೊಂದು ಕಡೆ ನಾನು, ನನ್ನ ಬೆನ್ನ ಹಿಂದೆ ಅರ್ಧ ಸೇಡಂ. ಅಧಿಕಾರಿ ನಡುವಯಸ್ಸಿನ ಹೆಣ್ಣುಮಗಳು. ಮಾತೆಲ್ಲ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ. ವಕೀಲರು ಎರಡು ಆಕ್ಷೇಪಣೆಗಳನ್ನು ಚೆನ್ನಾಗಿ ಎದುರಿಸಿದರು. ಆಮೇಲೆ ಅಧಿಕಾರಿ ನನ್ನನ್ನೇ ಕೇಳಿದರು, "ಕಲಕದೆ ಬಿಟ್ಟರೆ ನಿಮ್ಮ ಕಣಗಳು ತಳ ಸೇರುವುದಿಲ್ಲವೇ?"

"ಸೇರುತ್ತವೆ ಮೇಡಂ" ಎಂದೆ.

ವಕೀಲರಿಗೆ ಕೆಮ್ಮು ಬಂತು. ನಾನು ನಿಲ್ಲಿಸದೆ ಗೋಡೆ, ಪರಸಿ, ಗಿರಣಿ ಎಲ್ಲವನ್ನೂ ಹೇಳಿದೆ. ಅಧಿಕಾರಿ ಕನ್ನಡಕ ತೆಗೆದು ಹಾಕಿಕೊಂಡು, "ಫ್ಲೋರ್ ಮಿಲ್?" ಎಂದು ಮತ್ತೊಮ್ಮೆ ಕೇಳಿದರು. ಆ ಶಬ್ದ ತಿಳಿದದ್ದೇ ತಡ, ಮೌಲಾಭಾಯಿ ನನ್ನ ಹೆಗಲ ಮೇಲಿಂದ ಬಗ್ಗಿ, "ಜೀ ಮೇಡಂ, ಆಟೇ ಕೀ ಚಕ್ಕಿ. ಮೇರೀಚ್ ಹೈ" ಎಂದು ಗಿರಣಿ ತಮ್ಮದೇ ಎಂಬುದನ್ನು ಹೆಮ್ಮೆಯಿಂದ ಸಾರಿದರು. ಬೆಂಚಿನ ಮೇಲಿದ್ದ ಒಬ್ಬಾಕೆ, "ಮುಗೀತೇನ್ರಿ? ನನ್ನ ಜೋಳ ಮೊದಲು ಹಾಕ್ರಿ" ಎಂದಳು. ಅಧಿಕಾರಿ ನಗಲಿಲ್ಲ, ನಗು ತಡೆದದ್ದು ಕಂಡಿತು. ಹೇಳಿದಂತೆ ಮಾಡಿದರೆ ನಡೆಯದ ವಿಧಾನಕ್ಕೆ ಪೇಟೆಂಟ್ ಕೊಡಲಾಗದು, ಗಿರಣಿಯನ್ನು ಈಗ ಸೇರಿಸಲೂ ಬರುವುದಿಲ್ಲ ಎಂದರು. ಕೊನೆಗೆ, "ಅರ್ಜಿದಾರರೇ ಪರೀಕ್ಷಕರ ಕೆಲಸ ಮಾಡಿಕೊಟ್ಟದ್ದನ್ನು ನಾನು ನೋಡಿದ್ದು ಇದೇ ಮೊದಲು" ಎಂದು ಸೇರಿಸಿದರು. ಅರ್ಜಿ ಬಿದ್ದುಹೋಯಿತು. ಗೋಡೆಯಾಚೆ ಗಿರಣಿ ಶುರುವಾಯಿತು. ಸೋತಿದ್ದೆ, ಆದರೆ ಕಳ್ಳತನ ಮಾಡಿದ ಭಾರ ಇರಲಿಲ್ಲ.

ನಾನು ಸುಮ್ಮನೆ ಕೂರುವವನಲ್ಲ. ಕೆಟ್ಟ ಮೊಬೈಲಿನೊಳಗಿನ ನಡುಗುವ ಸಣ್ಣ ಮೋಟಾರನ್ನು ತೆಗೆದು, ಅಂಗೈಯಗಲದ ಒಂದು ಪರಸಿಯ ಚೂರಿನ ಕೆಳಗೆ ಅಂಟಿಸಿ, ಅದರ ಮೇಲೆ ಟ್ಯೂಬುಗಳನ್ನು ಕೂರಿಸಿದೆ. ಕಲ್ಲಿನಿಂದ ಹಾಯ್ದು ಬರುವ ನಡುಕ ಹದವಾಗಿರುತ್ತದೆ, ಕಣಗಳು ಏಳುತ್ತವೆ, ದ್ರವ ಕದಡುವುದಿಲ್ಲ. ಹೊಸ ಯಂತ್ರವನ್ನು ಮತ್ತೆ ಊರೂರಿಗೆ ಕಳಿಸಿದೆ. ಮೊದಲ ಫೋನ್ ನಾಗರೆಡ್ಡಿಯದು: "ದೋಸ್ತ, ಈ ಸಲ ನಿನ್ನ ಕಣ ಎದ್ದು ಕುಂತಾವ!" ಚಿತ್ತಾಪುರದಲ್ಲೂ ಆಯಿತು. ಆಗದೆ ಉಳಿದದ್ದು ಸೇಡಂನಲ್ಲಿ ಮಾತ್ರ. ಮೋಟಾರಿನ ನಡುಕಕ್ಕೆ ಗಿರಣಿಯ ನಡುಕ ಕೂಡಿ ಟ್ಯೂಬಿನಲ್ಲಿ ನೊರೆ ಏಳುತ್ತದೆ. ಅದಕ್ಕೇ ಈಗ ನಾನು ಗಿರಣಿ ತೆರೆಯುವುದಕ್ಕೆ ಮುಂಚೆ ಲ್ಯಾಬಿಗೆ ಹೋಗಿ ಕೆಲಸ ಮುಗಿಸುತ್ತೇನೆ. ಹೊಸ ಅರ್ಜಿ ತಯಾರಾಗಿದೆ; ಅವರು ಆಕ್ಷೇಪಣೆ ಎತ್ತುತ್ತಾರೆ, ನಾನು ಉತ್ತರ ಕೊಡುತ್ತೇನೆ, ಮತ್ತೆ ಎತ್ತಿದರೆ ಮತ್ತೆ ಕೊಡುತ್ತೇನೆ. ಈ ಸಲ ಏನನ್ನೂ ಬಿಡಬಾರದೆಂದು, "ಈ ವಿಧಾನವನ್ನು ಹಿಟ್ಟಿನ ಗಿರಣಿಗೆ ತಾಗಿದ ಕಟ್ಟೆಯ ಮೇಲೆ ಮಾಡಬಾರದು" ಎಂಬ ಒಂದು ವಾಕ್ಯವನ್ನೂ ಬರೆದೆ. ಓದಿದ ವಕೀಲರು ಫೋನಿನಲ್ಲೇ ನಕ್ಕರು. "ಏನ್ರಿ ಇದು? ರಕ್ತ ಪರೀಕ್ಷಾ ಮಾಡಾಂವ ಯಾವನರೆ ಹೋಗಿ ಗಿರಣಿ ಕಟ್ಟಿ ಮ್ಯಾಲ ಮಿಷನ್ ಇಡ್ತಾನೇನ್ರಿ? ಅಷ್ಟು ಹುಚ್ಚ ಯಾರೂ ಇರಂಗಿಲ್ಲ. ಆ ಸಾಲು ಹೊಡದು ಹಾಕ್ತೀನಿ" ಎಂದರು.

"ಹೊಡೀಬ್ಯಾಡ್ರಿ, ಇರ್ಲಿ" ಎಂದೆ. "ಆ ಹುಚ್ಚನ ಹೆಸರು ಅದೇ ಅರ್ಜಿ ಮೊದಲ್ನೇ ಪೇಜಿನಾಗ, ಸಂಶೋಧಕ ಅನ್ನೂ ಕಡಿ ಬರದದ, ನೋಡ್ರಿ."